ಅಮಿಗಾ 500 ಮತ್ತು ಡಿಲಕ್ಸ್ ಪೇಂಟ್: ಶಿರಸಿಯಲ್ಲಿ ಬಹಳ ವರ್ಷ ಬಳಸಿದವನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಐದು ಸ್ಟಾರ್. ಕಮೋಡೋರ್ ಕಂಪನಿಯ ಅಮಿಗಾ 500 ಕಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ನಮ್ಮ ಮನೆಗೆ ಬಂದದ್ದು ಮಸ್ಕತ್‌ನಲ್ಲಿದ್ದ ಮಾವನ ಪೆಟ್ಟಿಗೆಯಲ್ಲಿ. ಕೀಬೋರ್ಡಿನೊಳಗೇ ಇಡೀ ಕಂಪ್ಯೂಟರ್, ಬಲಗಡೆ ಫ್ಲಾಪಿ ಡ್ರೈವ್, ಮೆಮೊರಿ ಬರೀ 512 ಕೆಬಿ. ಹಾರ್ಡ್ ಡಿಸ್ಕ್ ಇಲ್ಲ. ಟಿ.ವಿ.ಗೆ ಸಿಕ್ಕಿಸಿ ಬಳಸುತ್ತಿದ್ದೆವು.

ಅದರಲ್ಲಿ ನಾನು ಜಾಸ್ತಿ ಬಳಸಿದ್ದು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಡಿಲಕ್ಸ್ ಪೇಂಟ್. ಡ್ಯಾನ್ ಸಿಲ್ವಾ ಬರೆದದ್ದು, ಎಲೆಕ್ಟ್ರಾನಿಕ್ ಆರ್ಟ್ಸ್‌ನವರು 1985ರಲ್ಲಿ ಹೊರತಂದದ್ದು. 4096 ಬಣ್ಣಗಳಲ್ಲಿ 32 ಆರಿಸಿಕೊಳ್ಳಬೇಕು. ಕಡಿಮೆ ಅಲ್ವಾ? ಆದರೆ ಒಂದು ಬಣ್ಣ ಬದಲಿಸಿದರೆ ಚಿತ್ರದಲ್ಲಿ ಅದು ಇರುವ ಕಡೆಯೆಲ್ಲ ಆ ಕ್ಷಣಕ್ಕೇ ಬದಲಾಗುತ್ತಿತ್ತು, ಹಗಲಿನ ಚಿತ್ರವನ್ನು ಸಂಜೆ ಮಾಡಲು ಮತ್ತೆ ಬಿಡಿಸಬೇಕಿರಲಿಲ್ಲ. ಮಾರಿಕಾಂಬಾ ಗುಡಿಯ ಗೋಡೆಯಲ್ಲಿ ಕಾವಿ ಚಿತ್ರಗಳಿವೆ, ಕೆಮ್ಮಣ್ಣಿನ ಕೆಂಪು ಮತ್ತು ಸುಣ್ಣದ ಬಿಳಿ ಎರಡೇ ಬಣ್ಣ. ಅಂಥ ಹೂಗಳನ್ನು ಸಿಮೆಟ್ರಿಯಲ್ಲಿ ಬಿಡಿಸುತ್ತಿದ್ದೆ. ಒಂದು ಎಸಳು ಎಳೆದರೆ ಉಳಿದವು ಸುತ್ತಲೂ ತಾವೇ ಮೂಡುತ್ತಿದ್ದವು. ಮೂಡಿದ ಹೂವನ್ನು ಚೌಕದಲ್ಲಿ ಹಿಡಿದರೆ ಅದೇ ಬ್ರಶ್ಶು, ಎಳೆದಲ್ಲೆಲ್ಲ ಹೂವಿನ ಸಾಲು. ‘ಜೆ’ ಒತ್ತಿದರೆ ಇನ್ನೊಂದು ಪುಟ, ಮತ್ತೆ ಒತ್ತಿದರೆ ಮೊದಲಿನದು. ಕೈಗೂ ಪರದೆಗೂ ನಡುವೆ ಏನೂ ಅಡ್ಡ ಬರದ ಈ ಸಲೀಸು ಆಮೇಲೆ ನನಗೆ ಯಾವ ಸಾಫ್ಟ್‌ವೇರಿನಲ್ಲೂ ಸಿಗಲಿಲ್ಲ.

ಕಲರ್ ಸೈಕ್ಲಿಂಗ್ ಅಂತೂ ಅದ್ಭುತ. ಕೆಲವು ನೀಲಿಗಳನ್ನು ಸಾಲಾಗಿ ಇಟ್ಟುಕೊಂಡು ಉಂಚಳ್ಳಿ ಜಲಪಾತ ಬಿಡಿಸಿ ಟ್ಯಾಬ್ ಒತ್ತಿದರೆ ನೀರು ಬೀಳತೊಡಗುತ್ತಿತ್ತು. ಚಿತ್ರ ಇದ್ದಲ್ಲೇ ಇರುತ್ತದೆ, ಬಣ್ಣಗಳು ಮಾತ್ರ ಒಂದರ ಜಾಗಕ್ಕೆ ಒಂದು ಸರಿಯುತ್ತವೆ, ಅದಕ್ಕೇ ಅಷ್ಟು ಸಣ್ಣ ಮೆಮೊರಿಯಲ್ಲೂ ಸರಾಗ. “ತಮಾ, ಇನ್ನೊಂದ್ಸಲ ತೋರ್ಸು” ಅಂತ ಆಯಿ ಅಡುಗೆಮನೆಯಿಂದ ಬಂದು ನಿಲ್ಲುತ್ತಿದ್ದಳು.

ತೊಂದರೆಗಳೂ ಇವೆ. ಪರದೆಯ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ತೋರಿಸುವ ಇಂಟರ್‌ಲೇಸ್ ಮೋಡಿನಲ್ಲಿ ಪರದೆ ಮಿಣುಕಿ ಕಣ್ಣು ನೋಯುತ್ತದೆ. ಸೇವ್ ಮಾಡುವ ಮೊದಲು ಕರೆಂಟ್ ಹೋದರೆ ಚಿತ್ರವೂ ಹೋಯಿತು. ನಮ್ಮ ಮಳೆಗಾಲಕ್ಕೆ ಫ್ಲಾಪಿಗಳಿಗೆ ಬೂಸ್ಟು ಹಿಡಿಯುತ್ತದೆ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಲೇಬೇಕು.

ಕಮೋಡೋರ್ 1994ರಲ್ಲಿ ದಿವಾಳಿಯಾಯಿತು, ಹಾಗಾಗಿ ಈಗ ಸಿಗೋದು ಹಳೆಯದೇ. ಕೊಳ್ಳುವವರು ಕೆಳಗಿನ ಮುಚ್ಚಳ ತೆಗೆದು ಹೆಚ್ಚುವರಿ ಮೆಮೊರಿಯ ಕಾರ್ಡ್ ಇದ್ದರೆ ನೋಡಿ, ಅದರ ಬ್ಯಾಟರಿ ಸೋರಿ ಬೋರ್ಡು ತಿಂದಿರಬಹುದು. ಸುಮ್ನೆ ಒಮ್ಮೆ ರುಚಿ ನೋಡಬೇಕು ಅನ್ನುವವರಿಗೆ ಈಗಿನ ಕಂಪ್ಯೂಟರಿನಲ್ಲೇ ಅಮಿಗಾದಂತೆ ನಡೆಯುವ ವಿನ್‌ಯುಎಇ ಎಮ್ಯುಲೇಟರ್ ಸಾಕು, ಮೌಸ್ ಮಾತ್ರ ಒಳ್ಳೆಯದು ಇಟ್ಟುಕೊಳ್ಳಿ.