ಡೆನಾನ್ ಎಕ್ಸ್1800ಎಚ್ ರಿಸೀವರ್: ಆಟೋ ಸೆಟಪ್ ಮುಗಿದ ಮೇಲೂ ಕೆಲಸವಿದೆ

ಹೋಮ್ ಥಿಯೇಟರ್ ರಿಸೀವರ್ (ಟಿವಿ, ಪ್ಲೇಯರ್‌ಗಳ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಕೊಳ್ಳುವವರು ಮೊದಲು ನೋಡುವುದು ವ್ಯಾಟ್. ಡೆನಾನ್ ಎವಿಆರ್-ಎಕ್ಸ್1800ಎಚ್ ಚಾನೆಲ್‌ಗೆ ಕೊಡುವುದು 80 ವ್ಯಾಟ್, ಅದೂ 8 ಓಮ್ ಸ್ಪೀಕರ್‌ಗೆ, ಎರಡೇ ಚಾನೆಲ್ ನುಡಿಯುವಾಗ. ಅಷ್ಟಕ್ಕೆ ಹಿಂಜರಿಯಬೇಕಿಲ್ಲ. ವ್ಯಾಟ್ ದುಪ್ಪಟ್ಟಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ. 85ರ ಬದಲು 88 ಡೆಸಿಬಲ್ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಎಷ್ಟು ಸದ್ದು ಎಂಬ ಅಳತೆ) ಸ್ಪೀಕರ್ ಆರಿಸಿದರೂ ಅಷ್ಟೇ ಲಾಭ. ಸಾಧಾರಣ ಕೋಣೆಗೆ ಇದು ಧಾರಾಳ. ಆದರೆ ಮುಂದಿನ ಸ್ಪೀಕರ್‌ಗಳಿಗೆ ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಕಿಂಡಿ) ಇಲ್ಲ. ಮುಂದೆ ಬೇರೆ ಪವರ್ ಆಂಪ್ ಜೋಡಿಸುವ ಯೋಚನೆ ಇದ್ದರೆ ಈಗಲೇ ಮೇಲಿನ ಮಾಡೆಲ್ ನೋಡಿ.

ಏಳು ಆಂಪ್‌ಗಳಿರುವುದರಿಂದ 7.1 ಅಥವಾ 5.1.2, ಎರಡರಲ್ಲಿ ಒಂದನ್ನು ಆರಿಸಬೇಕು (ಮೊದಲ ಅಂಕಿ ಸುತ್ತಲಿನ ಸ್ಪೀಕರ್, ಎರಡನೆಯದು ಸಬ್‌ವೂಫರ್ ಎಂಬ ಬೇಸ್ ಸ್ಪೀಕರ್, ಮೂರನೆಯದು ಚಾವಣಿಯ ಸ್ಪೀಕರ್). ಚಾವಣಿಗೆ ಸ್ಪೀಕರ್ ಹಾಕಲು ಸಾಧ್ಯವಿದ್ದರೆ 5.1.2 ಮೇಲು. ಆರು ಎಚ್‌ಡಿಎಂಐ ಇನ್‌ಪುಟ್‌ಗಳಲ್ಲಿ ಮೂರಕ್ಕೆ ಮಾತ್ರ 8ಕೆ ಸೌಲಭ್ಯ. ಗೇಮ್ ಕನ್ಸೋಲನ್ನು ಅವುಗಳಲ್ಲೊಂದಕ್ಕೇ ಚುಚ್ಚಿ.

ವೈರಿಂಗ್‌ಗೆ 16 ಗೇಜ್ ಸಾಕು, ದೂರ ಹೆಚ್ಚಿದ್ದರೆ ಇನ್ನೂ ದಪ್ಪನೆಯ 14. ಪ್ಲಗ್ ಕಿತ್ತಿಟ್ಟೇ ಕೆಲಸ ಶುರುಮಾಡಿ. ತುದಿಯನ್ನು ಸುಮಾರು 10 ಮಿಲಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಕೂದಲಿನಷ್ಟು ಸಣ್ಣ ಒಂದು ತಾಮ್ರದ ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಸಾಕು, ರಿಸೀವರ್ ತಾನಾಗಿ ಆಫ್ ಆಗಿ ಕೆಂಪು ದೀಪ ಮಿನುಗುತ್ತದೆ. ಮುಂದಿನ ಸ್ಪೀಕರ್ ಜೋಡಿ ನೀವು ಕೂರುವ ಜಾಗದಿಂದ ನೋಡಿದಾಗ 22ರಿಂದ 30 ಡಿಗ್ರಿ ಆಚೀಚೆ, 5.1ರಲ್ಲಿ ಸರೌಂಡ್ (ಪಕ್ಕದಲ್ಲಿ ತುಸು ಹಿಂದಿನ) ಜೋಡಿ 110ರಿಂದ 120 ಡಿಗ್ರಿಯಲ್ಲಿ ಇರಲಿ. ಮುಂದಿನ ಜೋಡಿಯ ಟ್ವೀಟರ್ (ತೀಕ್ಷ್ಣ ಸ್ವರ ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರಕ್ಕೆ ಬರಬೇಕು.

ಇನ್ನು ಆಡಿಸ್ಸಿ, ಅಂದರೆ ಮೈಕಿನಿಂದ ಕೋಣೆಯ ಸದ್ದನ್ನು ಅಳೆದು ಸರಿಹೊಂದಿಸುವ ಆಟೋ ಸೆಟಪ್. ಮೈಕನ್ನು ಸೋಫಾದ ಒರಗಿನ ಮೇಲಿಡಬೇಡಿ, ಅಲ್ಲಿಂದ ಪ್ರತಿಫಲಿಸುವ ಸದ್ದು ಅಳತೆಯನ್ನು ಕೆಡಿಸುತ್ತದೆ. ಟ್ರೈಪಾಡ್ ಬಳಸಿ, ಫ್ಯಾನ್ ನಿಲ್ಲಿಸಿ, ಮೊದಲ ಅಳತೆ ಮುಖ್ಯ ಆಸನದಲ್ಲೇ ಆಗಲಿ. ಆಡಿಸ್ಸಿ ಅವಕಾಶ ಕೊಡುವ ಎಂಟೂ ಜಾಗಗಳಲ್ಲಿ ಅಳೆಯಿರಿ. ಸಬ್‌ವೂಫರ್‌ನ ಕ್ರಾಸ್‌ಓವರ್ (ಯಾವ ಮಟ್ಟದ ಕೆಳಗಿನ ಸದ್ದು ಅದಕ್ಕೆ ಹೋಗಬೇಕೆಂದು ಹೇಳುವ) ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಡಿ, ಇಲ್ಲವಾದರೆ ಅದರದೂ ರಿಸೀವರಿನದೂ ಎರಡೆರಡು ಫಿಲ್ಟರ್ ಸೇರಿ ಬೇಸ್ ಸೊರಗುತ್ತದೆ.

ಅಳತೆ ಮುಗಿದ ಮೇಲೆ ಮೆನುವಿಗೆ ಹೋಗಿ ನೋಡಿ. ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಎಂದು ಗುರುತಿಸಿರುವುದು ತೀರಾ ಸಾಮಾನ್ಯ. ಹಾಗೇ ಬಿಟ್ಟರೆ ಅವುಗಳ ಬೇಸ್ ಭಾರವೆಲ್ಲ ಸಣ್ಣ ವೂಫರ್‌ಗಳ ಮೇಲೇ ಉಳಿದು, ಸಬ್‌ವೂಫರ್ ಹೆಚ್ಚು ಹೊತ್ತು ಸುಮ್ಮನೆ ಕೂರುತ್ತದೆ. 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಸಬ್‌ವೂಫರ್‌ನ ಲೆವೆಲ್ ಮೈನಸ್ 12 ಎಂದು ಬಂದರೆ ಅದು ಮಿತಿ ಮುಟ್ಟಿದೆ ಎಂದರ್ಥ. ಸಬ್‌ವೂಫರ್‌ನದೇ ವಾಲ್ಯೂಮ್ ಇಳಿಸಿ ಮತ್ತೆ ಅಳೆಯಿರಿ. ಸಬ್‌ವೂಫರ್‌ನ ದೂರ ಟೇಪಿನ ಅಳತೆಗಿಂತ ಹೆಚ್ಚು ಕಂಡರೆ ಮಾತ್ರ ದಯವಿಟ್ಟು ಕೈ ಹಾಕಬೇಡಿ. ಅದರೊಳಗಿನ ಸರ್ಕ್ಯೂಟ್ ಸದ್ದನ್ನು ತಡಮಾಡುವುದನ್ನೂ ಆ ಲೆಕ್ಕ ಒಳಗೊಂಡಿರುತ್ತದೆ.

ಡೈನಾಮಿಕ್ ಇಕ್ಯೂ (ವಾಲ್ಯೂಮ್ ಇಳಿದಾಗ ಬೇಸ್ ಹೆಚ್ಚಿಸುವ ಸೌಲಭ್ಯ) ಕಡಿಮೆ ವಾಲ್ಯೂಮ್‌ನಲ್ಲಿ ಸಿನಿಮಾ ನೋಡುವವರಿಗೆ ನಿಜಕ್ಕೂ ವರ. ಹಾಡು ಕೇಳುವಾಗ ಬೇಸ್ ಅತಿಯಾದರೆ ಅದನ್ನು ಆಫ್ ಮಾಡಬೇಡಿ, ಅದರ ಪ್ರಭಾವ ತಗ್ಗಿಸುವ ರೆಫರೆನ್ಸ್ ಲೆವೆಲ್ ಆಫ್‌ಸೆಟ್ 10 ಅಥವಾ 15 ಡೆಸಿಬಲ್‌ಗೆ ಏರಿಸಿ.