ಎಪಿಡ್ಯೂರಲ್ ನಂತರದ ತಲೆನೋವು: ಯಾವುದು ಸೋರಿಕೆಯದ್ದು, ಯಾವುದಕ್ಕೆ ಕೂಡಲೇ ಓಡಬೇಕು?

ಹೆರಿಗೆಯಾದ ಮೇಲೆ ತಲೆನೋವು ಅಂದರೆ ಎಲ್ಲರೂ "ನಿದ್ದೆ ಇಲ್ವಲ್ಲ, ಅದಕ್ಕೇ" ಅಂದುಬಿಡುತ್ತಾರೆ. ಎಷ್ಟೋ ಸಲ ನಿಜವೂ ಹೌದು. ಆದರೆ ಎಪಿಡ್ಯೂರಲ್ (ಹೆರಿಗೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಇಂಜೆಕ್ಷನ್) ತಗೊಂಡಿದ್ದರೆ ಮೊದಲು ಇದನ್ನು ಗಮನಿಸಿ: ಮಲಗಿದಾಗ ನೋವು ಇಳಿಯುತ್ತಾ?

ಸೂಜಿಯಿಂದ ಬೆನ್ನುಹುರಿಯ ಸುತ್ತಲಿನ ಪೊರೆಗೆ ತೂತಾಗಿದ್ದರೆ ಒಳಗಿನ ದ್ರವ ಸೋರುತ್ತದೆ. ಈ ನೋವು ಸಾಮಾನ್ಯವಾಗಿ 5 ದಿನದೊಳಗೆ ಶುರುವಾಗುತ್ತದೆ. ಮಗುವಿಗೆ ಹಾಲು ಕೊಡಲು ಎದ್ದು ಕೂತರೆ ತಲೆ ಸಿಡಿಯುತ್ತದೆ, ಅಡ್ಡಾದರೆ ಸ್ವಲ್ಪ ಹೊತ್ತಿನಲ್ಲೇ ಹಗುರ. ಕಿವಿ ಗುಂಯ್ ಅನ್ನಬಹುದು, ಕತ್ತು ಬಿಗಿಯಬಹುದು. ಇದನ್ನೂ ಅದೇ ದಿನ ಡಾಕ್ಟರಿಗೆ ಹೇಳಿ. ಕಡಿಮೆಯಾಗದಿದ್ದರೆ ನಿಮ್ಮದೇ ರಕ್ತವನ್ನು ಸುಮಾರು 20 ಮಿ.ಲೀ. ಬೆನ್ನಿಗೆ ಕೊಟ್ಟು ಸೋರಿಕೆ ಮುಚ್ಚುವ ಬ್ಲಡ್ ಪ್ಯಾಚ್ ಇದೆ.

ಮಲಗಿದರೂ ಬಿಡದ ನೋವು ಬೇರೆ ಲೆಕ್ಕ. ಕಣ್ಣೆದುರು ಮಿಂಚಿದ ಹಾಗೆ, ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವು, ಬಿಪಿ 140/90 ಅಥವಾ ಜಾಸ್ತಿ ಇದ್ದರೆ ಪ್ರಿಎಕ್ಲಾಂಪ್ಸಿಯಾ (ಬಸುರಿ-ಬಾಣಂತಿಯರಿಗೆ ಬಿಪಿ ಏರಿ ಬರುವ ಅಪಾಯದ ಕಾಯಿಲೆ) ಇರಬಹುದು. ಹೆರಿಗೆಯಾಗಿ 6 ವಾರದವರೆಗೂ, ಬಸುರಿಯಲ್ಲಿ ಬಿಪಿ ಸರಿಯಾಗಿದ್ದವರಿಗೂ ಇದು ಬರಬಹುದು, ಅದಕ್ಕೇ ನನಗೆ ಇದರದ್ದೇ ಹೆಚ್ಚು ಭಯ. ಜ್ವರದ ಜೊತೆ ಕತ್ತು ಬಿಗಿದರೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಅನುಮಾನ. ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ದಿಢೀರನೆ ಬಡಿದಂಥ ನೋವು ಬಂದರೆ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಇಲ್ಲವೇ ಸೋರುತ್ತಿರಬಹುದು. ಇವುಗಳಲ್ಲಿ ಯಾವುದೇ ಕಂಡರೂ ಮಾತ್ರೆ ನುಂಗಿ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.

ಇನ್ನೊಂದು ಮಾತು. ಮೊದಲು ಮಲಗಿದರೆ ಹೋಗುತ್ತಿದ್ದ ನೋವು ಈಗ ಮಲಗಿದರೂ ನಿಲ್ಲದಿದ್ದರೆ, ಆ ಬದಲಾವಣೆಯನ್ನೇ ಡಾಕ್ಟರಿಗೆ ಒತ್ತಿ ಹೇಳಿ, ಸ್ಕ್ಯಾನ್ ಬೇಕಾ ಕೇಳಿ.