ಸಿಸ್ಕೋ ರಾಮ್‌ಮಾನ್: ಐಒಎಸ್ ಏಳದಿದ್ದಾಗ ಕೈಹಿಡಿಯುವ ಪ್ರಾಂಪ್ಟ್

1841, 2811 ತರಹದ ಹಳೆಯ ಸಿಸ್ಕೋ ರೂಟರ್‌ಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ನನಗೆ ತುಂಬಾ ಇಷ್ಟ. ಹಾಗಾಗಿ ರಾಮ್‌ಮಾನ್ (ROMMON, ರೂಟರ್‌ನ ಮುಖ್ಯ ಸಾಫ್ಟ್‌ವೇರ್‌ಗಿಂತ ಮೊದಲು ಓಡುವ ಪುಟ್ಟ ಪ್ರೋಗ್ರಾಮ್) ಜೊತೆ ನನ್ನ ಒಡನಾಟ ಜಾಸ್ತಿ. ಫ್ಲ್ಯಾಶ್ ಮೆಮೊರಿಯಲ್ಲಿ ಐಒಎಸ್ (ರೂಟರ್‌ನ ಆಪರೇಟಿಂಗ್ ಸಿಸ್ಟಮ್) ಇಮೇಜ್ ಫೈಲ್ ಇಲ್ಲದಿದ್ದರೆ ಅಥವಾ ಅದು ಕೆಟ್ಟಿದ್ದರೆ ರೂಟರ್ ಬಂದು ನಿಲ್ಲುವುದು ಇಲ್ಲೇ. ನಾವಾಗೇ ಒಳಗೆ ಹೋಗಬೇಕಾದರೆ ಕನ್ಸೋಲ್ ಕೇಬಲ್ ಹಾಕಿ, 9600 ಬಾಡ್ ಇಟ್ಟು, ಪವರ್ ಕೊಟ್ಟ ಮೊದಲ 60 ಸೆಕೆಂಡಿನೊಳಗೆ ಬ್ರೇಕ್ ಸಂಕೇತ ಕಳಿಸಬೇಕು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬ್ರೇಕ್ ಕೀಯೇ ಇಲ್ಲ. ಪುಟ್ಟಿ (PuTTY) ಎಂಬ ಟರ್ಮಿನಲ್ ಪ್ರೋಗ್ರಾಮ್‌ನಲ್ಲಾದರೆ ಮೆನುವಿನಿಂದಲೇ ಕಳಿಸಬಹುದು.

ಜನ ಇಲ್ಲಿಗೆ ಬರುವುದು ಹೆಚ್ಚಾಗಿ ಪಾಸ್‌ವರ್ಡ್ ಮರೆತಾಗ. ರೂಟರ್ ಹೇಗೆ ಏಳಬೇಕೆಂದು ಹೇಳುವ ಕಾನ್ಫಿಗರೇಶನ್ ರಿಜಿಸ್ಟರ್ ಬದಲಿಸುವ ಕಾನ್ಫ್‌ರೆಗ್ (confreg) ಕಮಾಂಡ್‌ಗೆ ಹೆಕ್ಸ್ 2142 ಕೊಟ್ಟು ರೀಸೆಟ್ ಮಾಡಿದರೆ ರೂಟರ್ ಹಳೆಯ ಕಾನ್ಫಿಗರೇಶನ್ ಓದದೆ ಏಳುತ್ತದೆ. ಅದು ಎನ್‌ವಿರಾಮ್‌ನಲ್ಲಿ (NVRAM, ಪವರ್ ಹೋದರೂ ಅಳಿಯದ ಮೆಮೊರಿ) ಹಾಗೇ ಇರುತ್ತದೆ, ಅಳಿಯುವುದಿಲ್ಲ. ಎಲ್ಲ ಅಧಿಕಾರ ಇರುವ ಎನೇಬಲ್ ಮೋಡ್‌ಗೆ ಹೋಗಿ, ಅದನ್ನು ಈಗ ಓಡುತ್ತಿರುವ ರನ್ನಿಂಗ್ ಕಾನ್ಫಿಗ್‌ಗೆ ಕಾಪಿ ಮಾಡಿ, ಹೊಸ ಪಾಸ್‌ವರ್ಡ್ ಹಾಕಿ, ರಿಜಿಸ್ಟರ್ ಮತ್ತೆ 2102ಕ್ಕೆ ತಂದು ಸೇವ್ ಮಾಡಿ. ಕಾಪಿ ಆದ ಮೇಲೂ ಇಂಟರ್‌ಫೇಸ್‌ಗಳು ಶಟ್‌ಡೌನ್ ಆಗೇ ಇರುತ್ತವೆ. ಒಂದೊಂದಕ್ಕೂ ನೋ ಶಟ್‌ಡೌನ್ ಕೊಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟಿಎಫ್‌ಟಿಪಿಡಿಎನ್‌ಎಲ್‌ಡಿ (tftpdnld), ನೆಟ್‌ವರ್ಕ್ ಮೂಲಕ ಇಮೇಜ್ ತರುವ ಕಮಾಂಡ್. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಸರ್ವರ್, ಫೈಲ್ ಹೆಸರು, ಈ ಐದು ವೇರಿಯಬಲ್ ಕೊಟ್ಟರೆ ಸಾಕು, ಮೊದಲ ಈಥರ್ನೆಟ್ ಪೋರ್ಟ್‌ನಿಂದ ಇಮೇಜ್ ಇಳಿಸಿಕೊಳ್ಳುತ್ತದೆ. ವೇರಿಯಬಲ್ ಹೆಸರು ಪೂರ್ತಿ ದೊಡ್ಡಕ್ಷರದಲ್ಲೇ ಇರಬೇಕು. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬಾರದು. ಸರ್ವರ್ ಆಗಿರುವ ಲ್ಯಾಪ್‌ಟಾಪ್ ನೇರವಾಗಿ ಸಿಕ್ಕಿಸಿದ್ದರೂ ಗೇಟ್‌ವೇ ಖಾಲಿ ಬಿಡದೆ ಲ್ಯಾಪ್‌ಟಾಪ್‌ನ ಐಪಿಯನ್ನೇ ಕೊಡಿ. ಫ್ಲ್ಯಾಶ್‌ನಲ್ಲಿ ಇರುವುದೆಲ್ಲ ಹೋಗುತ್ತದೆ ಅಂತ ಮೊದಲೇ ಎಚ್ಚರಿಸಿ, ನಿಮ್ಮ ಒಪ್ಪಿಗೆ ಕೇಳಿಯೇ ಮುಂದೆ ಹೋಗುತ್ತದೆ. ಈ ನಡತೆ ನನಗೆ ತುಂಬಾ ಮೆಚ್ಚುಗೆ. ಫ್ಲ್ಯಾಶ್ ಮುಟ್ಟದೆ ಬರೀ ತಾತ್ಕಾಲಿಕ ಮೆಮೊರಿಯಲ್ಲಿ (RAM) ಓಡಿಸಿ ನೋಡಬೇಕಾ? ಕಮಾಂಡ್‌ಗೆ ಆರ್ (-r) ಆಯ್ಕೆ ಸೇರಿಸಿ.

ಕನ್ಸೋಲ್ ಕೇಬಲ್ ಮೂಲಕವೇ ಇಮೇಜ್ ಕಳಿಸುವ ಎಕ್ಸ್‌ಮೋಡೆಮ್ ಮಾತ್ರ ಬೇರೆ ದಾರಿ ಇಲ್ಲದಾಗ. 9600ರಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಬೈಟ್ ಹೋಗುತ್ತದೆ. 30 ಎಂಬಿ ಇಮೇಜ್ ಅಂದರೆ ಎಂಟು ಗಂಟೆಗೂ ಮೇಲೆ! ಕಾನ್ಫ್‌ರೆಗ್ ಕೇಳುವ ಪ್ರಶ್ನೆಗಳಲ್ಲಿ ಕನ್ಸೋಲ್ ವೇಗ 115200 ಮಾಡಿಕೊಂಡು, ಟರ್ಮಿನಲ್‌ನಲ್ಲೂ ಅದನ್ನೇ ಇಟ್ಟರೆ ಸುಮಾರು ಒಂದು ಗಂಟೆಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ವಾಪಸ್ 9600 ಮಾಡಿಡಿ, ಮುಂದೆ ಬರುವವರು ಸುಮ್ನೆ ಒದ್ದಾಡಬಾರದು ಅಲ್ವಾ.

ರಾಮ್‌ಮಾನ್‌ನಲ್ಲಿ ಕೊಟ್ಟ ವೇರಿಯಬಲ್‌ಗಳು ಉಳಿಯಬೇಕಾದರೆ ಸಿಂಕ್ (sync) ಕಮಾಂಡ್ ಕೊಡಬೇಕು, ಅದನ್ನು ಯಾರೂ ನೆನಪಿಸುವುದಿಲ್ಲ. ಇದೊಂದು ಕೊರತೆ. ಇನ್ನು ಹಳೆ ರೂಟರ್ ಕೊಳ್ಳುವವರಿಗೆ ಒಂದು ಮಾತು. ಹಿಂದಿನವರು ನೋ ಸರ್ವಿಸ್ ಪಾಸ್‌ವರ್ಡ್ ರಿಕವರಿ (no service password-recovery) ಎಂಬ ಕಮಾಂಡ್ ಹಾಕಿದ್ದರೆ 2142ರ ದಾರಿ ಮುಚ್ಚಿರುತ್ತದೆ. ಹಳೆಯ ಕಾನ್ಫಿಗರೇಶನ್ ಉಳಿಸಿಕೊಂಡು ಒಳಗೆ ಹೋಗಲು ಆಗುವುದಿಲ್ಲ. ಕೊಳ್ಳುವ ಮೊದಲು ಅದನ್ನು ಕೇಳಿಬಿಡಿ.